ರಾಗಿಮುದ್ದೆ ಬಣ್ಣದ ಗುಳ್ಳೆಹೂ

ಬೈರಾಪಟ್ಟಣ,
೨೦೦೮, ಶಿವರಾತ್ರಿ ಕಳೆದ ವಾರ

ಅನಂತರಾಜುವಿಗೆ,

ನೀನು ಕ್ಷೇಮವಾಗಿಲ್ಲ ಎಂದು ಇದ್ರೀಸ್ ಬಂದು ಹೇಳಿದ. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಅದನ್ನು ಮೊದಲೇ ಬರೆದುಬಿಟ್ಟರೆ ಮುಂದಿನದು ಸಲೀಸು.

ನಮ್ಮಿಬ್ಬರಿಗೂ ಮೊದಲಿನಿಂದ ಮೀನು ತಂದುಕೊಡುತ್ತಿದ್ದ ಆ ಪುಣ್ಯಾತ್ಮನ ಬಾಯಲ್ಲಿ ನೀನು ಹೇಳಿಕಳಿಸಿದ ಮಾತನ್ನು ಇಲ್ಲಿ ಹಾಗೇ ಇಳಿಸುತ್ತೇನೆ, ನೀನೇ ಓದಿಕೋ. 'ಹಳೇದೆಲ್ಲ ಮರ್ತ್ಬುಡು ವನಜಾ. ಕೆಂಪಿದು ಒಂದೇ ಒಂದು ಮರಿ ಕೊಟ್ಕಳ್ಸು. ಇಲ್ದಿದ್ರೆ ಕಂಪ್ನಿ ಕೆಲ್ಸ ಕೈ ತಪ್ಪೋಯ್ತದೆ.' ಆಹಾ! ಮರೆಯುವುದು ನನ್ನ ಪಾಲಿಗೆ, ಮರಿ ನಿನ್ನ ಪಾಲಿಗೆ.

ಮರೆಯುವುದಕ್ಕೆ ಮೊದಲು ಒಂದು ಸಲ ನೆನೆಸಿಕೊಳ್ಳೋಣ. ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ. ಪ್ರತಿ ಆಫೀಸಿನ ಬಾಗಿಲಲ್ಲೂ ಒಂದು ಗಾಜಿನ ತೊಟ್ಟಿ ಬೇಕಿತ್ತು, ಅದರಲ್ಲಿ ಸಮುದ್ರ ಬೇಕಿತ್ತು. ಕೆಂಗಲ್ ಹತ್ತಿರ ಹೆದ್ದಾರಿ ಬದಿಯಲ್ಲಿ ನಾವಿಬ್ಬರೂ ಸೇರಿ ಬಣ್ಣದ ಮೀನಿನ ಅಂಗಡಿ ಇಟ್ಟೆವು. ನೀನು ಚನ್ನಪಟ್ಟಣದ ಬೊಂಬೆ ಮಾಡುವ ಮನೆಯವನು, ನಾನು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಮನೆಯವಳು. 'ಅಂಗ್ಡಿ ಒಸಿ ನಿಂತ್ಕಳ್ಳಿ, ಆಮೇಲೆ ನಿಮ್ಮಪ್ಪನ್ನ ಮಾತಾಡಿಸ್ತೀನಿ' ಅಂದಿದ್ದೆ. ಅಂಗಡಿ ನಿಂತಿತು. ಅಪ್ಪ ಹೊಸ ಪಂಚೆ ಮಡಿಸಿಟ್ಟುಕೊಂಡು ಕಾದರು. ನೀನು ಬರಲಿಲ್ಲ. ಆ ಪಂಚೆಯನ್ನು ಆಮೇಲೆ ಅವರು ಯಾರದೋ ಮನೆ ಗೃಹಪ್ರವೇಶಕ್ಕೆ ಉಟ್ಟುಕೊಂಡು ಹೋದರು.

ಇದ್ರೀಸ್ ಒಂದು ದಿನ ಪ್ಲಾಸ್ಟಿಕ್ ಚೀಲದಲ್ಲಿ ತಂದ ಬಬಲ್ ಟಿಪ್ ಅನಿಮೋನ್ ಮುದುಡಿದ ಬೋಂಡದಂತಿತ್ತು. ಹೂವಲ್ಲ, ಕಡಲ ಪ್ರಾಣಿ. ಬಂಡೆಯ ಸಂದಿಗೆ ಬುಡ ಊರಿ, ಮೈತುಂಬ ಬೆರಳು ಬಿಚ್ಚಿ ಕೂರುತ್ತದೆ, ಬೆರಳ ತುದಿಗೆ ಗುಳ್ಳೆ ಬರುತ್ತದೆ. ಅಮ್ಮ ಅದಕ್ಕೆ ಗುಳ್ಳೆಹೂ ಎಂದು ಹೆಸರಿಟ್ಟಳು. ಅಮ್ಮನ ಮಾತು ನೀನೂ ಕೇಳಿ ನಕ್ಕಿದ್ದೆ: 'ಉಪ್ಪುನೀರಲ್ಲಿ ಹಾಕಿ ಮಡಗಿದ್ದೀಯಲ್ಲೇ, ಸಾಕಕ್ಕೋ ಉಪ್ಪಿನಕಾಯಿಗೋ?' ಒಂದೊಂದರ ಬಣ್ಣ ಒಂದೊಂದು. ಹಸಿರು ಮೈಗೆ ನೇರಳೆ ತುದಿಯದು ಬಂತು, ಒಣಗಿದ ಬಾಳೆ ಎಲೆ ಬಣ್ಣದ್ದು ಬಂತು. ಒಂದರ ಬೆರಳು ದ್ರಾಕ್ಷಿಯಂತೆ ಉಬ್ಬಿದರೆ ಇನ್ನೊಂದರದು ಹುರುಳಿಕಾಯಿಯಂತೆ ಜೋಲುತ್ತಿತ್ತು. ಗುಳ್ಳೆ ಯಾಕೆ ಬರುತ್ತದೆ, ಯಾಕೆ ಹೋಗುತ್ತದೆ ಎಂದು ಇವತ್ತಿಗೂ ನನಗೆ ಪೂರ್ತಿ ಗೊತ್ತಿಲ್ಲ. ಮೊದಲು ಬಂದ ಆ ಬೋಂಡ ಮಾತ್ರ ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದು ಬೆಳಿಗ್ಗೆ ಕನಕಾಂಬರವೂ ಅಲ್ಲದ, ಗುಲಾಬಿಯೂ ಅಲ್ಲದ ಕೆಂಪಿಗೆ ತಿರುಗಿ ಗುಳ್ಳೆ ತುಂಬಿಕೊಂಡು ಅರಳಿತು. ನಾನು ಕೆಂಪಿ ಎಂದು ಕರೆದೆ.

ಕೆಂಪಿಯನ್ನು ಕಂಡ ದಿನದಿಂದ ನಿನ್ನ ಕೈ ತುರಿಸತೊಡಗಿತು. ಬಂಡೆಯಿಂದ ಬಿಡಿಸಿ ಮುಂದಕ್ಕೆ ಇಡೋಣ ಅಂದೆ, ದೀಪ ಇಳಿಸೋಣ ಅಂದೆ. ತಪ್ಪು ನಿನ್ನದೇ ಅಲ್ಲ ಬಿಡು, ಹುಟ್ಟಿದ ಮನೆಯದು. ನಿಮ್ಮಪ್ಪ ವೆಂಕಟಯ್ಯನವರ ಬೊಂಬೆ ಪಟ್ಟಡೆಯಲ್ಲಿ ಕಟ್ಟಿಗೆ ಗರಗರ ತಿರುಗುವಾಗ ಅರಗು ಒತ್ತಿದರೆ ಬಣ್ಣ, ತಾಳೆಗರಿ ಒತ್ತಿದರೆ ಹೊಳಪು. 'ಬಣ್ಣ ಅನ್ನೋದು ಕಡೇಲಿ ಹತ್ಸೋದು ಕಣೇ' ಅಂತಿದ್ದೆ. ನಮ್ಮ ಹುಳುಮನೆಯ ರೀತಿ ಬೇರೆ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಜ್ವರಕ್ಕೆ ಕೂತಾಗ ಯಾರೂ ತಟ್ಟೆ ಅಲ್ಲಾಡಿಸುವುದಿಲ್ಲ, ಗಟ್ಟಿಯಾಗಿ ಕೆಮ್ಮುವುದೂ ಇಲ್ಲ. ಅಮ್ಮ ಹೇಳುತ್ತಿದ್ದಳು, 'ಜ್ವರಕ್ಕೆ ಕೂತಿರೋದ್ನ ಮುಟ್ಬ್ಯಾಡ. ಅದ್ರ ಪಾಡ್ಗೆ ಅದು ಏಳ್ತದೆ.' ನಾನು ಕೆಂಪಿಯನ್ನು ಮುಟ್ಟಲಿಲ್ಲ, ನಿನಗೂ ಮುಟ್ಟಗೊಡಲಿಲ್ಲ. ಅದು ತಾನಾಗಿ ಎಳೆದುಕೊಂಡು ಸೀಳಿ ಎರಡಾಯಿತು, ಎರಡು ಹೋಗಿ ನಾಲ್ಕಾಯಿತು.

ಆಗ ಬಿಡದಿ ಕಂಪನಿಯ ದೊಡ್ಡ ಸಾಹೇಬರು ಅಂಗಡಿಗೆ ಬಂದರು. ಕೆಂಪಿಯ ಮುಂದೆ ಕಣ್ಣು ಕೀಳದೆ ನಿಂತು, ಇದನ್ನು ಬೆಳೆಸಿದ್ದು ಯಾರು ಎಂದು ಕೇಳಿದರು. ನೀನು ನಾನೇ ಎಂದೆ. ಬಕೆಟ್ ಹಿಡಿದು ನಿಂತಿದ್ದ ನನ್ನನ್ನು ತೋರಿಸಿ ಇವರು ಯಾರು ಎಂದಾಗ, 'ನೀರ್ ಬದ್ಲಾಯ್ಸಕ್ ಬತ್ತಾರೆ ಸಾರ್' ಎಂದೆ. ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ನಿನ್ನದು. ಕಂಪನಿಯ ಹೊಸ ಕಟ್ಟಡಕ್ಕೆ ಕೆಂಪಿಯ ತೊಟ್ಟಿ ಇಡುವ ಕೆಲಸ ನಿನ್ನ ಹೆಸರಿಗಾಯಿತು. ಮಾರನೆಯ ವಾರ ಅಂಗಡಿಗೆ ಹೊಸ ಬೋರ್ಡು ಬಂತು, ಅದರಲ್ಲಿ ಕೆಂಪಿಯ ಫೋಟೊ, ಕೆಳಗೆ 'ಅನಂತ ರೋಸ್'. ಅಪ್ಪನನ್ನು ಮಾತಾಡಿಸದೆ ಹೋದದ್ದನ್ನು ಒಂದು ದಿನ ಮರೆತರೂ ಮರೆತೇನು ಅನಂತ, ಆ ಬೋರ್ಡನ್ನು ಮರೆಯಲಾರೆ.

ಅಂಗಡಿ ಬಿಟ್ಟು ಬರುವಾಗ ನನ್ನ ಪಾಲು ಕೇಳಿದೆ. ಕೆಂಪಗೆ ಗುಳ್ಳೆ ತುಂಬಿದ ಮೂರನ್ನು ನೀನಿಟ್ಟುಕೊಂಡೆ. ನಾಲ್ಕನೆಯದು ಬಂಡೆಯ ಹಿಂದೆ ನೆರಳಿಗೆ ಸರಿದುಕೊಂಡು, ಗುಳ್ಳೆ ಕಳೆದುಕೊಂಡು, ರಾಗಿಮುದ್ದೆ ಬಣ್ಣಕ್ಕೆ ಇಳಿದಿತ್ತು. 'ಇದ್ಯಾವ್ದೋ ಕಾಡುಜಾತಿ, ನೀನೇ ಮಡಿಕ್ಕೊ' ಎಂದು ಚೀಲಕ್ಕೆ ಹಾಕಿದೆ. ಒಂದೇ ಮೈಯಿಂದ ಸೀಳಿದ್ದು ಇನ್ನೊಂದು ಜಾತಿ ಹೇಗಾಗುತ್ತದೆ ಎಂದು ನಿನಗೆ ಹೊಳೆಯಲೇ ಇಲ್ಲ. ನಾನೂ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ, ಮನೆ ಬರುವ ಹೊತ್ತಿಗೆ ಕಣ್ಣೊರೆಸಿಕೊಂಡೆ.

ನಮ್ಮ ಖಾಲಿ ಹುಳುಮನೆಯಲ್ಲಿ ತೊಟ್ಟಿ ಕಟ್ಟಿದೆ. ದೀಪವನ್ನು ಎತ್ತರದಲ್ಲಿ ಕಟ್ಟಿ ವಾರ ವಾರ ಒಂದಿಷ್ಟೇ ಇಳಿಸುತ್ತ ಬಂದೆ. ಮಿಕ್ಕಿದ್ದನ್ನು ಅದಕ್ಕೇ ಬಿಟ್ಟೆ. ಮಳೆಗಾಲ ಕಳೆಯುವಷ್ಟರಲ್ಲಿ ನೀನು ಕಾಡುಜಾತಿ ಅಂದದ್ದು ಕೆಂಪಾಗಿ ಗುಳ್ಳೆ ಬಿಟ್ಟಿತು. ಆಮೇಲೆ ಸೀಳಿ ಮರಿಗಳಾದವು, ಬೆಂಗಳೂರಿನ ಅಂಗಡಿಗಳಿಗೆ ಮಾರತೊಡಗಿದೆ.

ನೀನೇನು ಮಾಡಿದೆ? ಬೇಗ ಸೀಳಲಿ ಎಂದು ಉರಿಯುವ ದೀಪವನ್ನು ನೆತ್ತಿಯ ಮೇಲೇ ತಂದಿಟ್ಟೆ. ಅದರ ಮೈಯೊಳಗಿದ್ದು ಅದಕ್ಕೆ ಅನ್ನ ಹಾಕುವ ಪಾಚಿಯೆಲ್ಲ ಹೊರಬಿದ್ದು ಮೂರೂ ಸುಣ್ಣದ ಉಂಡೆಯಂತೆ ಬೆಳ್ಳಗಾದವು. ಕಂಪನಿಯ ಹೊಸ ಕಟ್ಟಡದ ಉದ್ಘಾಟನೆ ಹತ್ತಿರ ಬಂದಿತ್ತು. ಆಗ ನಿನಗೆ ನೆನಪಾದದ್ದು ಪಟ್ಟಡೆ! ಮಿಠಾಯಿ ಬಣ್ಣ ಕಲಸಿದ ಬಕೆಟ್ಟಿನಲ್ಲಿ ಅದ್ದಿದೆಯಂತೆ. ಇದ್ರೀಸ್ ಕಣ್ಣಾರೆ ಕಂಡು, ಉದ್ಘಾಟನೆಯ ಬೆಳಿಗ್ಗೆ ಓಡಿಬಂದು, 'ಅಕ್ಕ, ಸಾಯಿಸ್ಬುಡ್ತಾನೆ ಬಾ' ಎಂದು ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಕಂಪನಿಗೆ ಹೋದ. ತಡವಾಗಿತ್ತು. ತೊಟ್ಟಿಯ ನೀರು ಜಿಲೇಬಿ ಅದ್ದಿದ ಹಾಗಾಗಿತ್ತು. ಮೂರು ಕೆಂಪಿಗಳೂ ಕರಗಿ ಲೋಳೆಯಾಗಿದ್ದವು, ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸೂಟು ಬೂಟಿನವರೆಲ್ಲ ಮೂಗು ಮುಚ್ಚಿಕೊಂಡು ನಿಂತಿದ್ದರು, ನೀನು ಟೈ ಸರಿಮಾಡಿಕೊಳ್ಳುತ್ತಿದ್ದೆ. ನಿನ್ನ ಮುಖ ನೋಡಿ ನಕ್ಕೆ. ತೊಟ್ಟಿ ನೋಡಿ ಅತ್ತೆ. ಎರಡೂ ನಿಜ. ಒಂದಕ್ಕೂ ನಿನ್ನ ಕ್ಷಮೆ ಕೇಳುವುದಿಲ್ಲ.

ಕೇಳಿಕೊಂಡು ಬಂದೇ ಬರುತ್ತೀಯ ಎಂದು ಆವತ್ತೇ ಗೊತ್ತಿತ್ತು. ಮನೆಗೆ ಬಂದವಳೇ ಕೆಂಪಿಯ ಒಂದು ಮರಿ ಕೂತಿದ್ದ ಕಲ್ಲನ್ನು ಎತ್ತಿ, ದೀಪ ಅಷ್ಟಾಗಿ ತಾಕದ ಮೂಲೆಗೆ ಇಟ್ಟೆ. ಹೊಟ್ಟೆಗೆ ಕಡಿಮೆ ಮಾಡಲಿಲ್ಲ, ಬೆಳಕು ಮಾತ್ರ ಕಡಿಮೆ ಮಾಡಿದೆ. ನಾನೆಣಿಸಿದ ಹಾಗೇ ಗುಳ್ಳೆ ಇಳಿಯಿತು, ಬಣ್ಣ ರಾಗಿಮುದ್ದೆಯಾಯಿತು. ನಿನಗೆ ಕಳಿಸಿದ್ದು ಅದನ್ನೇ.

ಇದ್ರೀಸ್‌ಗೆ ಹೇಳಿದ್ದೆ: ಚೀಲ ಇವತ್ತು ಕೊಡು, ಕಾಗದ ನಾಳೆ ಕೊಡು. ಆದ್ದರಿಂದ ಇದನ್ನು ಓದುವ ಹೊತ್ತಿಗೆ ನೀನು ಮಾಡುವುದನ್ನು ಮಾಡಿ ಮುಗಿಸಿದ್ದೀಯ. ಚೀಲ ಬಿಚ್ಚಿ, ಜೋಲು ಬೆರಳು ನೋಡಿ, 'ಕಾಡುಜಾತಿ ಕಳ್ಸವ್ಳೆ' ಎಂದು ನನ್ನನ್ನು ಬೈದು ಹಿತ್ತಲಿಗೆ ಎಸೆದೆಯೋ? ಇಲ್ಲ, ಹೋಗಲಿ ಎಂದು ತೊಟ್ಟಿಗೆ ಬಿಟ್ಟೆಯೋ?

ಬಿಟ್ಟಿದ್ದರೆ ಕೇಳು. ಅದು ಕೆಂಪಿಯೇ. ದೀಪ ಎತ್ತರಕ್ಕೆ ಕಟ್ಟು, ಕೈ ಹಾಕಬೇಡ, ಕಾದಿರು. ಕೆಂಪಾಗುತ್ತದೆ, ಸೀಳುತ್ತದೆ, ನಿನ್ನ ಕಂಪನಿ ಕೆಲಸವೂ ಉಳಿಯುತ್ತದೆ. ಆದರೆ ಬೆಂಗಳೂರಿನ ಅಂಗಡಿಯವರೆಲ್ಲ ಈಗ ಅದನ್ನು 'ವನಜಾಕ್ಷಿ ರೋಸ್' ಎಂದೇ ಕೇಳಿ ಕೊಳ್ಳುತ್ತಾರೆ. ಬಂದವರು ಇದು ಯಾವುದು ಎಂದಾಗಲೆಲ್ಲ ನಿನ್ನ ಬಾಯಲ್ಲೇ ನನ್ನ ಹೆಸರು ಬರಬೇಕು. ನೂರಾಗಿ ಸೀಳಲಿ, ನೂರಕ್ಕೂ ಅದೇ ಹೆಸರು.

ಎಸೆದಿದ್ದರೆ ಹಿತ್ತಲಿಗೆ ಓಡಬೇಡ, ಅಲ್ಲಿಲ್ಲ. ನೀನು ಏನಾದರೂ ಎಸೆದರೆ ನಿಂತ ಕಾಲಲ್ಲಿ ಎತ್ತಿಕೊಂಡು ಬಾ ಎಂದು ಇದ್ರೀಸ್‌ಗೆ ಉಪ್ಪುನೀರಿನ ಡಬ್ಬ ಕೊಟ್ಟು ಕಳಿಸಿದ್ದೇನೆ. ಹಾಗಾಗಿದ್ದರೆ ಅದು ಈಗ ನನ್ನ ತೊಟ್ಟಿಯಲ್ಲಿ ದೀಪದ ಕೆಳಗೆ ಕೂತಿದೆ. ಎರಡನೇ ಸಲ ಕೇಳಬೇಡ, ಕೊಡುವುದಿಲ್ಲ.

ನಿನಗೆ ದೇವರು ಆಯಸ್ಸು ಕೊಡಲಿ, ಕೆಂಗಲ್ ಹನುಮಪ್ಪನಿಗೆ ಹರಕೆ ಹೊತ್ತಿದ್ದೇನೆ. ನನ್ನ ಹೆಸರನ್ನು ಬಹಳ ವರ್ಷ ಕೇಳಬೇಕಲ್ಲ ನೀನು.

ಇಂತಿ,
ನೀರು ಬದಲಾಯಿಸಲು ಬರುತ್ತಿದ್ದವಳು,
ವನಜಾಕ್ಷಿ