ದೀವಟಿಗೆಯವಳನ್ನು ಹೊರಗಟ್ಟಿದ ಸಭೆ

ಗದಗ-ಬೆಟಗೇರಿ, ನಡುತಿಂಗಳ ಮೂವತ್ತಮೂರನೆಯ ದಿನ, ೨೨೮೮.

ನಿಮಗಿಂತ ಎಷ್ಟೋ ತಲೆಮಾರು ಮುಂದಿನವಳಾದ ದಾಕ್ಷಾಯಣಿ ಮುಳಗುಂದ ಬರೆಯುವುದು. ನಿಮ್ಮ ಪಂಚಾಂಗದಲ್ಲಿ ಇಂಥ ತಿಂಗಳಿಲ್ಲ, ಇಂಥ ದಿನವೂ ಇಲ್ಲವೆಂದು ಬಲ್ಲೆ. ನಮ್ಮ ಹಿರಿಯರು ವರ್ಷವನ್ನೇ ಬೇರೆಯಾಗಿ ಕೊಯ್ದು ಹಂಚಿದರು. ಆ ಕತೆ ಇಲ್ಲಿ ಬೇಡ. ಈ ಕಾಗದ ನಿಮ್ಮ ಕೈಗೆ ಹೇಗೆ ಬಂತೆಂದೂ ಕೇಳಬೇಡಿ. ನನ್ನ ಕೆಲವು ಶಬ್ದಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ, ಅದಕ್ಕೆ ಕ್ಷಮೆಯಿರಲಿ. ಮಾತಿನ ಒರಟುತನಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ನನಗೆ ಹೇಸಿಗೆ ಬಂದಿದೆ. ಅದನ್ನು ಮುಚ್ಚಿಟ್ಟು ಬರೆಯಲಾರೆ.

ನಾವು ಆಟವನ್ನು ನಿಮ್ಮಂತೆ ಪರದೆಯ ಮೇಲೆ ಆಡುವುದಿಲ್ಲ. ಊರಾಚೆ ಗಾಳಿಗಿರಣಿಗಳ ಸಾಲು ಮುಗಿಯುವಲ್ಲಿ ಬೆಳಕಿನ ಕಣವಿದೆ. ಬರೀ ಬಯಲು. ಸಂಜೆಯಾದರೆ ಅದರ ಮೇಲೆ ಬೆಳಕಿನಿಂದಲೇ ಕೋಟೆ, ಹೊಂಡ, ಸೇತುವೆಗಳು ಎದ್ದು ನಿಲ್ಲುತ್ತವೆ. ಆಟಗಾರರು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕೈಪೊರೆ ತೊಟ್ಟು ಅಂಚಿನಲ್ಲಿ ಕೂರುತ್ತಾರೆ. ಅವರ ಬೆರಳು ಆಡಿದಂತೆ ಬಯಲಿನಲ್ಲಿ ಪಾತ್ರ ಆಡುತ್ತದೆ. ಜನ ಸುತ್ತಲಿನ ಮೆಟ್ಟಿಲುಗಳ ಮೇಲೆ ಗಿರ್ಮಿಟ್ಟು, ಮಿರ್ಚಿ ಭಜಿ ತಿನ್ನುತ್ತ ನೋಡುತ್ತಾರೆ. ಅದೊಂದು ನಿಮ್ಮ ಕಾಲದಿಂದ ಕೆಡದೆ ಉಳಿದುಬಂದಿದೆಯಂತೆ. ನಮ್ಮ ಆಟದ ಹೆಸರು ಏಳುಕೋಟೆ. ನಾನು ಹರೆಯವೆಲ್ಲ ಅದನ್ನೇ ಆಡಿದವಳು. ಬೆರಳು ಮರಗಟ್ಟಿದ ಮೇಲೆ ನಿಯಮಸಭೆಯ ಏಳು ಜನರಲ್ಲಿ ಒಬ್ಬಳಾದೆ. ಯಾವ ಪಾತ್ರ ಪಂದ್ಯಕ್ಕಿಳಿಯಬಹುದು, ಯಾವುದು ಕೂಡದು ಎಂದು ತೀರ್ಮಾನಿಸುವುದು ಆ ಸಭೆಯ ಕೆಲಸ.

ಉಳಿದ ಪಾತ್ರಗಳ ಅಳತೆಯನ್ನೆಲ್ಲ ಮೀರಿದ ಪಾತ್ರಕ್ಕೆ ನಾವು ಮೀರಾಳು ಎನ್ನುತ್ತೇವೆ. ನಮ್ಮ ಆಟಕ್ಕೆ ಗಂಟುಬಿದ್ದ ಮೀರಾಳು ಬೂದಿರಾಯ. ಅವನ ಒಂದೇಟಿಗೆ ಯಾರೂ ಉಳಿಯುವುದಿಲ್ಲ. ಹೇಗೋ ಅವನನ್ನು ಕೆಡವಿದರೆ ಬೂದಿಯಾಗಿ ಉದುರುತ್ತಾನೆ. ಕಣದಲ್ಲಿ ಎಲ್ಲಿಯಾದರೂ ಒಂದು ಕತ್ತಲ ಮೂಲೆಯಿದ್ದರೆ ಅಲ್ಲಿಂದ ಮತ್ತೆ ಎದ್ದು ಬರುತ್ತಾನೆ. ಅವನು ಬಂದ ಮೇಲೆ ಉಳಿದ ಪಾತ್ರಗಳನ್ನು ಮುಟ್ಟುವವರೇ ಇಲ್ಲವಾದರು. ಅಂತಿಮ ಪಂದ್ಯವೆಂದರೆ ಇತ್ತಲೂ ಬೂದಿರಾಯ, ಅತ್ತಲೂ ಬೂದಿರಾಯ. ಒಮ್ಮೆ ನಮ್ಮ ಓಣಿಯ ಮಕ್ಕಳು ಮುಖಕ್ಕೆಲ್ಲ ಬೂದಿ ಬಳಿದುಕೊಂಡು ಸುಮ್ಮನೆ ನಿಂತಿದ್ದರು. ಯಾಕೆ ಆಡುತ್ತಿಲ್ಲವೆಂದು ಕೇಳಿದೆ. "ಎಲ್ಲಾರೂ ಬೂದಿರಾಯನ ಆಗೇವ್ರಿ ಅಜ್ಜಿ, ಸಾಯಾಕ ಯಾರೂ ಇಲ್ಲ," ಎಂದಿತು ಒಂದು ಹುಡುಗಿ.

ಹೋದ ವರ್ಷ ಬೂದಿರಾಯನನ್ನು ನಿಷೇಧಿಸಬೇಕೆಂದು ಸಭೆಯ ಮುಂದೆ ಬೇಡಿಕೆ ತಂದವಳು ಮಹಬೂಬಿ ನದಾಫ. ಬೆಟಗೇರಿಯವಳು, ಹಗಲೆಲ್ಲ ಗಾಳಿಗಿರಣಿಯ ರೆಕ್ಕೆ ತಿಕ್ಕುವ ಕೆಲಸ. ಯಾರಿಗೂ ಬೇಡವಾದ ದೀವಟಿಗೆಯವಳು ಎಂಬ ಪಾತ್ರವನ್ನು ಆಡುತ್ತಿದ್ದಳು. ಆ ಪಾತ್ರದ ಕೈಯಲ್ಲಿ ಆಯುಧವಿಲ್ಲ. ಓಡಬಲ್ಲಳು, ದೀಪ ಹಚ್ಚಬಲ್ಲಳು, ಅಷ್ಟೆ. ಸಭೆಯ ಅಧ್ಯಕ್ಷ ವಿರುಪನಗೌಡ ಕುಡತಿನಿ ಅವಳ ಮಾತನ್ನು ಪೂರ್ತಿ ಕೇಳಲೂ ಇಲ್ಲ. ಬೂದಿರಾಯನ ಮುಖವಾಡ, ಅಂಗಿ, ಬೊಂಬೆ ಮಾರುವ ಅಂಗಡಿಗಳೆಲ್ಲ ಈ ಗೌಡನ ಅಳಿಯನವು. ಗಿರ್ಮಿಟ್ಟು ಅಗಿಯುತ್ತಲೇ ಹೇಳಿದ:

"ಬೂದಿರಾಯ ಎಲ್ಲಾರಿಗೂ ಸಿಗ್ತಾನ. ನಿನಗೂ ಸಿಗ್ತಾನ. ಅಂದಮ್ಯಾಲ ಅನ್ಯಾಯ ಎಲ್ಲೈತಿ? ಅಳೂದು ಬಿಡು ತಂಗಿ, ಸೋಲ್ಸೂದು ಕಲಿ."

ನಿಷೇಧಕ್ಕೆ ಕೈಯೆತ್ತಿದವರು ನಾನು ಮತ್ತು ಇನ್ನೊಬ್ಬರು ಮಾತ್ರ. ಬೇಡಿಕೆ ಬಿದ್ದುಹೋಯಿತು. ಹೊರಗೆ ಬಂದು ಅವಳನ್ನು ಸಮಾಧಾನಪಡಿಸಲು ಹೋದೆ. ಅವಳು ಆಗಲೇ ಬೇರೇನೋ ಲೆಕ್ಕ ಹಾಕುತ್ತಿದ್ದಳು. "ಅಕ್ಕಾರ, ಕಣದಾಗ ಕತ್ತಲ ಇರಲಿಲ್ಲಂದ್ರ ಅಂವ ಎಲ್ಲಿಂದ ಏಳ್ತಾನ್ರೀ?" ಎಂದು ಕೇಳಿದಳು. ನಾನು ನಕ್ಕುಬಿಟ್ಟೆ. ಏಳೂ ಕೋಟೆಗಳ ಮೂಲೆಮೂಲೆಗೂ ದೀಪ ಹಚ್ಚಿ ಮುಗಿಸುವವರೆಗೆ ಬೂದಿರಾಯನ ಏಟಿಗೆ ಸಿಗದೆ ಬದುಕಿದವರು ಯಾರಿದ್ದರು?

ಅವಳು ಬದುಕಿದಳು. ಈ ವರ್ಷದ ಅಂತಿಮ ಪಂದ್ಯದಲ್ಲಿ ಕುಡತಿನಿಯ ಸ್ವಂತ ತಂಡದ ಬೂದಿರಾಯನ ಎದುರು ಮಹಬೂಬಿ ದೀವಟಿಗೆಯವಳನ್ನು ಇಳಿಸಿದಾಗ ಜನ ಗೊಳ್ಳೆಂದರು. ಅವಳು ಓಡಿದಳು. ಗೋಡೆಯ ಮರೆಯಲ್ಲಿ ಒಂದು ದೀಪ, ಹೊಂಡದ ಮೆಟ್ಟಿಲಲ್ಲಿ ಒಂದು, ಬುರುಜಿನಲ್ಲಿ ಮತ್ತೊಂದು. ಬೂದಿರಾಯ ಬೆನ್ನಟ್ಟಿ ಬಂದು ಅಡ್ಡ ಬಂದ ಬಾಗಿಲು ಒಡೆದ, ಕಂಬ ಕೆಡವಿದ. ಅವಳು ಆಗಲೇ ಮುಂದಿನ ಕೋಟೆಯಲ್ಲಿದ್ದಳು. ಮೆಟ್ಟಿಲುಗಳ ಮೇಲೆ ನಗೆ ಮೊದಲು ನಿಂತಿತು, ಆಮೇಲೆ ತಿನ್ನುವ ಸದ್ದೂ ನಿಂತಿತು. ಆ ದೀಪಗಳು ಉಫ್ ಎಂದರೆ ಆರುವಂಥವು. ಒಂದೇ ಒಂದನ್ನು ಊದಿದ್ದರೆ ಅವಳ ಶ್ರಮವೆಲ್ಲ ಮಣ್ಣುಪಾಲಾಗುತ್ತಿತ್ತು. ಆದರೆ ಹೊಡೆಯುವುದನ್ನು ಬಿಟ್ಟು ಬೇರೇನನ್ನೂ ಕಲಿಯದ ಆ ಆಟಗಾರನಿಗೆ ದೀಪ ಕಂಡರೂ ಕಾಣಲಿಲ್ಲ. ಕಡೆಯ ದೀಪ ಹಚ್ಚಿದವಳೇ ಮುರುಕು ಸೇತುವೆಯ ಮೇಲೆ ಹಗುರಾಗಿ ದಾಟಿ ಆಚೆ ನಿಂತಳು. ಬೂದಿರಾಯ ಹಿಂದೆಯೇ ಕಾಲಿಟ್ಟ. ಸೇತುವೆ ಕುಸಿಯಿತು. ಬೂದಿ ಉದುರಿತು. ನಾವೆಲ್ಲ ಕಣ್ಣಲ್ಲೇ ಕಣವನ್ನೆಲ್ಲ ಹುಡುಕಿದೆವು. ಅವನು ಏಳಲಿಲ್ಲ. ಆಗ ಎದ್ದ ಕೂಗು ನನ್ನ ಎದೆಯಲ್ಲಿ ಇನ್ನೂ ಇದೆ. ಪಕ್ಕದಲ್ಲಿದ್ದ ಅಪರಿಚಿತ ಮುದುಕನೊಬ್ಬ ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದ.

ಬಹುಮಾನ ಕೊಡುವ ಮೊದಲೇ ಕುಡತಿನಿ ಸಭೆ ಕರೆದ. ಸೋತ ತಂಡದ ದೂರು ಬಂದಿದೆಯಂತೆ: ದೀವಟಿಗೆಯವಳು ಮೀರಾಳು. ಸೋಲದವನನ್ನು ಸೋಲಿಸಿದಳೆಂದರೆ ಅಳತೆ ಮೀರಿದವಳು ಅವಳೇ ಅಲ್ಲವೆ? ನಾನು ತಮಾಷೆ ಎಂದುಕೊಂಡೆ. ಯಾರೂ ನಗಲಿಲ್ಲ. ಹೋದ ವರ್ಷ ನಿಷೇಧವೆಂದರೆ ಆಟದ ಕೊಲೆ ಎಂದು ಬಾಯಿ ಬಡಿದುಕೊಂಡವರೇ ಈಗ ಸಮತೋಲದ ಬಗ್ಗೆ ಗಂಭೀರವಾಗಿ ಉಪದೇಶ ಮಾಡಿದರು. ಒಬ್ಬ ಮಾತಾಡುತ್ತಲೇ ಹಲ್ಲಿನ ಸಂದಿಯಿಂದ ಮೆಣಸಿನಕಾಯಿ ಬೀಜ ತೆಗೆದು ಮೇಜಿಗೆ ಒರೆಸಿದ.

ಮಹಬೂಬಿಯನ್ನು ಒಳಗೆ ಕರೆಸಿದರು. ಕೈಪೊರೆಯನ್ನೂ ಕಳಚದೆ ಬಂದಳು.

"ಗೌಡ್ರ, ಹ್ವಾದ ವರ್ಷ ಇದ ಖುರ್ಚಿ ಮ್ಯಾಲ ಕುಂತು ಸೋಲ್ಸೂದು ಕಲಿ ಅಂದ್ರಿ. ಕಲತೆ. ಈಗ ಕಲ್ತದ್ದ ತಪ್ಪಂತೀರಿ?"

"ಆಟದ ಸಮತೋಲ ನೋಡ್ಬೇಕಾಗತೈತಿ ತಂಗಿ."

"ದೀಪ ಆರಸಬ್ಯಾಡ ಅಂತ ನಿಮ್ಮ ಹುಡುಗನ ಕೈ ಯಾರರ ಹಿಡದಿದ್ರೇನ್ರಿ? ಅಂವಗ ಮಾಡಾಕ ಕೆಲಸ ಇತ್ತು, ಮಾಡಲಿಲ್ಲ. ಬೂದಿರಾಯನ ಮುಂದ ನಿಂತವ್ರಿಗೆ ಇಷ್ಟು ವರ್ಷ ಏನ್ ಕೆಲಸ ಇತ್ತು, ಹೇಳ್ರಿ."

ಕುಡತಿನಿ ಮಾತು ಬೆಳೆಸದೆ ಮತಕ್ಕೆ ಹಾಕಿದ. ಕೈಯೆತ್ತಿದರು, ಹೋದ ವರ್ಷ ನಿಷೇಧ ಬೇಡವೆಂದ ಅದೇ ಐದು ಕೈ. ದೀವಟಿಗೆಯವಳು ನಿಷೇಧವಾದಳು, ಗೆಲುವು ರದ್ದಾಯಿತು. ಆಮೇಲೆ ಕುಡತಿನಿ ಹಲ್ಲು ಕಿರಿಯುತ್ತ, ನಮ್ಮ ತಂಡ ಸೇರು, ಬೂದಿರಾಯನನ್ನು ನಿನಗೇ ಕೊಡುತ್ತೇವೆ ಎಂದ. ಅವಳು ಕೈಪೊರೆಯನ್ನು ನಿಧಾನವಾಗಿ ಸುಲಿದು ಅವನ ಗಿರ್ಮಿಟ್ಟಿನ ತಟ್ಟೆಯ ಪಕ್ಕದಲ್ಲಿಟ್ಟಳು. "ಆ ಬೂದಿ ಕೈಗೆ ಹತ್ತಿದ್ರ ತೊಳದ್ರೂ ಹೋಗಂಗಿಲ್ರಿ," ಎಂದು ಹೊರಟುಹೋದಳು.

ನಾನೂ ಅಂದೇ ಸಭೆ ಬಿಟ್ಟೆ. ಮರುವಾರ ಅಂತಿಮ ಪಂದ್ಯವನ್ನು ಮತ್ತೆ ಆಡಿಸಿದರು: ಬೂದಿರಾಯನ ಎದುರು ಬೂದಿರಾಯ. ಒಬ್ಬ ಬಿದ್ದ, ಎದ್ದ; ಇನ್ನೊಬ್ಬ ಬಿದ್ದ, ಎದ್ದ. ಜನ ಆಕಳಿಸುತ್ತ ನೋಡಿದರು, ಕೊನೆಗೆ ಚಪ್ಪಾಳೆಯನ್ನೂ ತಟ್ಟಿದರು. ಸಭೆಯವರಿಗಿಂತ ಆ ಚಪ್ಪಾಳೆಗೆ ನನಗೆ ಹೆಚ್ಚು ಅಸಹ್ಯವಾಯಿತು. ಮಹಬೂಬಿ ಈಗ ಆಡುವುದಿಲ್ಲ. ಮೊನ್ನೆ ಗಿರಣಿಯ ಬುಡದಲ್ಲಿ ಸಿಕ್ಕಾಗ ಆಟದ ಮಾತೆತ್ತಿದೆ. ಅವಳು ರೆಕ್ಕೆಯ ಬಿರುಕು ತೋರಿಸಿ ಬೇರೆ ಮಾತಾಡಿದಳು.

ನಿಮ್ಮ ಕಾಲದ ಪರದೆಯಾಟಗಳಲ್ಲೂ, ಮೀರಾಳನ್ನು ನಿಷೇಧಿಸಬೇಕೇ ಬೇಡವೇ ಎಂಬ ಇದೇ ವಾದ ನಡೆದಿದೆಯೆಂದು ಓದಿದ್ದೇನೆ. ನಿಷೇಧಿಸಿ ಎಂದಾಗಲಿ, ಬೇಡ ಎಂದಾಗಲಿ ನಾನು ಹೇಳುವುದಿಲ್ಲ. ಎರಡೂ ಮಾತು ಒಂದೇ ಬಾಯಿಂದ ಬಂದದ್ದನ್ನು ಕೇಳಿದವಳು ನಾನು. ಆ ಪಾತ್ರವನ್ನು ಮಾರುವವನನ್ನು ತೀರ್ಪಿನ ಮೇಜಿಗೆ ಸೇರಿಸಬೇಡಿ. ಅಳತೆಯನ್ನು ಪಂದ್ಯಕ್ಕೆ ಮೊದಲೇ ಬರೆದಿಡಿ, ಸೋತ ಮೇಲೆ ಅಲ್ಲ. ಎಷ್ಟು ಸಲ ಗೆದ್ದಿತೆಂದು ಎಣಿಸುವ ಮೊದಲು, ಎದುರಿಗೆ ನಿಂತವರಿಗೆ ಮಾಡಲು ಏನಾದರೂ ಉಳಿದಿದೆಯೇ ಎಂದು ನೋಡಿ. ನಿಮ್ಮಲ್ಲಿ ಯಾರಾದರೂ ಇನ್ನೂ, ಎಲ್ಲರೂ ನಗುವ ಪಾತ್ರವನ್ನು ಹಿಡಿದು ಆಡುತ್ತಿದ್ದರೆ ಅವರ ಪಂದ್ಯಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂರಿ. ನಾನು ಬರಲಾರೆ.

ದಾಕ್ಷಾಯಣಿ