ಪುಟ್ಟತಾಯಮ್ಮ ನಕ್ಕ ದಿನ

ಅಪ್ಪಾಜಿ,

ನೀವು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ, ನೀವು ಆಪರೇಷನ್ ಮಾಡುತ್ತಿದ್ದ ಅರಸೀಕೆರೆಯ ಆಸ್ಪತ್ರೆಗೆ ಹೋಗಿದ್ದೆ. ಆಪರೇಷನ್ ಥಿಯೇಟರಿನ ಸಿಬ್ಬಂದಿಯ ಕೆಲಸದ ಹೊರೆ, ಮನಸ್ಸಿನ ಒತ್ತಡ ನನ್ನ ಸಂಶೋಧನೆಯ ವಿಷಯ. ನಿಮ್ಮ ಮಗಳೆಂದು ಅಲ್ಲಿ ಯಾರಿಗೂ ಹೇಳಿಕೊಳ್ಳಲಿಲ್ಲ.

ಹಿರಿಯ ನರ್ಸ್ ಪುಟ್ಟತಾಯಮ್ಮನವರನ್ನು ಕೇಳಿದೆ: "ನೀವು ಮನಸ್ಸು ಹಗುರಾಗಿ ಕೆಲಸ ಮಾಡಿದ ದಿನ ಯಾವುದು?"

"ಮರುಳಪ್ಪ ಡಾಕ್ಟ್ರು ಸತ್ತ ಮಾರನೇ ದಿನ ಕಣವ್ವ. ಕತ್ತರಿ ಕೊಡೋದು ಒಂಚೂರು ತಡವಾದ್ರೆ ಅದನ್ನೇ ಮುಖಕ್ಕೆ ಎಸೀತಿದ್ರು. ಅವತ್ತು ನಾವೆಲ್ಲ ನಗ್ತಾ ಆಪರೇಷನ್ ಮುಗಿಸಿದ್ವಿ."

ಹುಬ್ಬಿನ ಮೇಲಿನ ಕಲೆ ತೋರಿಸಿದರು.

ಮನೆಯಲ್ಲಿ ನೀವು ನನ್ನನ್ನು ಒಮ್ಮೆಯೂ ಗದರಿದವರಲ್ಲ.

"ನಿಂಗೆ ಅವ್ರು ಗೊತ್ತಿದ್ರಾ?" ಎಂದರು ಪುಟ್ಟತಾಯಮ್ಮ.

"ಇಲ್ಲ," ಎಂದು ಹೇಳಿ, ಮುಂದಿನ ಪ್ರಶ್ನೆ ಕೇಳಿದೆ.