ಲೈನ್ ಕ್ಲಿಯರ್

ಜೂನ್ 3, ಮಧ್ಯಾಹ್ನ

ಸಬ್‌ಸ್ಟೇಷನ್‌ನಲ್ಲಿ ಡ್ಯೂಟಿ. ಸೆಕೆ. ತಂಗಿಯ ಫೋನ್ — ಸಿಲಿಂಡರ್‌ಗೆಂದು ಲೈನ್‌ನಲ್ಲಿ ನಿಂತಿದ್ದಾಳಂತೆ, ಹಿಂದಿನವನೊಬ್ಬ ಲೈನ್ ಹೊಡೆಯುತ್ತಿದ್ದಾನಂತೆ, ಅಷ್ಟರಲ್ಲಿ ಲೈನ್ ಕಟ್. ಚಿಕ್ಕಪ್ಪನಿಗೆ ಹೇಳಿದೆ. "ಒಂದೇ ಪದ, ಮೂರು ಶಿಫ್ಟ್ ದುಡಿಯುತ್ತೆ ನೋಡು" ಎಂದು ನಕ್ಕರು. ಇಲ್ಲಿ ಅವರೇ ಸೀನಿಯರ್ ಆಪರೇಟರ್. ನನ್ನನ್ನು ಈ ಕೆಲಸಕ್ಕೆ ಸೇರಿಸಿದವರೂ ಅವರೇ.

ಜೂನ್ 4, ಸಂಜೆ

ಬರೆದುಬಿಡಬೇಕು.

ರಿಪೇರಿಗೆಂದು ಕರೆಂಟ್ ತೆಗೆದಿದ್ದೆವು. ಉದ್ದಣ್ಣ — ನಮ್ಮ ಲೈನ್‌ಮ್ಯಾನ್ — ಕಂಬದ ಮೇಲಿದ್ದ. ಚಿಕ್ಕಪ್ಪ ಅವನಿಗೆ ಫೋನ್ ಮಾಡಿದರು. ಸ್ಪೀಕರ್‌ನಲ್ಲಿ ಬರೀ ಗೊರಗೊರ.

"ಏನೂ ಕೇಳಿಸ್ತಿಲ್ಲ ಸಾರ್!"

"ಈಗ? ಲೈನ್ ಕ್ಲಿಯರಾ?"

"ಹಾಂ, ಕ್ಲಿಯರ್ ಆಯ್ತು ಸಾರ್, ಹೇಳಿ..."

ನಮ್ಮ ಕೆಲಸದಲ್ಲಿ ಲೈನ್ ಕ್ಲಿಯರ್ ಅಂದರೆ ಕೆಲಸ ಮುಗಿಯಿತು, ಎಲ್ಲರೂ ಕೆಳಗಿಳಿದರು, ಕರೆಂಟ್ ಬಿಡಬಹುದು — ಚಿಕ್ಕಪ್ಪ ಕೇಳಿದ್ದು ಅದನ್ನು. ಉದ್ದಣ್ಣ ಹೇಳಿದ್ದು ಫೋನಿನ ವಿಷಯ. ಇಲ್ಲದಿದ್ದರೆ "ಹೇಳಿ" ಎಂದು ಯಾಕೆ ಕಾಯುತ್ತಿದ್ದ? ನನಗೆ ಹೊಳೆದು ತಿರುಗುವಷ್ಟರಲ್ಲಿ ಚಿಕ್ಕಪ್ಪ ಸ್ವಿಚ್ ತಿರುಗಿಸಿಯಾಗಿತ್ತು. ಫೋನಿನಲ್ಲಿ ಯಾರೋ ಕಿರುಚಿದರು.

ಜೂನ್ 9

ಉದ್ದಣ್ಣ ಬದುಕಿದ. ಬಲಗೈ ಉಳಿಯಲಿಲ್ಲ.

ಚಿಕ್ಕಪ್ಪ ಮನೆಗೆ ಬಂದಿದ್ದರು. "ಕ್ಲಿಯರ್ ಅಂದ. ನೀನೂ ಕೇಳಿಸ್ಕೊಂಡೆ ತಾನೆ?"

"ಕೇಳಿಸ್ಕೊಂಡೆ."

"ವಿಚಾರಣೇಲಿ ಅಷ್ಟು ಹೇಳು, ಸಾಕು."

ಸುಳ್ಳಲ್ಲ. ನಿಜವೂ ಅಲ್ಲ. ಅವರು ಹೋದ ಮೇಲೆ ಅಮ್ಮ ಶುರು — "ಉಂಡ ಮನೆಗೆ ಎರಡು ಬಗೀಬೇಡ ಕಣೇ." ಕೂತಲ್ಲಿ ಕೂರಲಾಗುತ್ತಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ನೆನೆಹಾಕಿದೆ.

ಜೂನ್ 11, ಬೆಳಿಗ್ಗೆ

ಆಸ್ಪತ್ರೆಗೆ ಹೋಗಿದ್ದೆ. ಉದ್ದಣ್ಣನ ಹೆಂಡತಿ ಗಂಜಿ ಕುಡಿಸುತ್ತಿದ್ದಳು. ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಎಲ್ರೂ ಬಂದು ಬಂದು ಕೇಳ್ತಾರಮ್ಮ. ಕ್ಲಿಯರ್ ಅಂತ ಫೋನಿಗೆ ಹೇಳಿದ್ನೋ, ಕಂಬಕ್ಕೆ ಹೇಳಿದ್ನೋ... ನಂಗೇ ಅನುಮಾನ ಬರೋ ಹಾಗೆ ಮಾಡ್ಬಿಟ್ರು. ನಂದೇ ತಪ್ಪಿರ್ಬೇಕು, ಅಲ್ವಾ?"

ನಾಳೆ ವಿಚಾರಣೆ.

ಜೂನ್ 12

ಹೇಳಿದೆ. ಕೇಳಿದ್ದನ್ನೆಲ್ಲ, ಒಂದಕ್ಷರ ಬಿಡದೆ. ಚಿಕ್ಕಪ್ಪ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಹೊರಗೆ ಬಂದಾಗ ಅಂದರು, "ಇದ್ದದ್ದೇ ಹೇಳಿದೀಯ. ಆದ್ರೆ ಇನ್ನು ನನ್ನ ಕಣ್ಮುಂದೆ ಬರ್ಬೇಡ."

ಜೂನ್ 20, ಸಂಜೆ

ಉದ್ದಣ್ಣನ ತಪ್ಪಿಲ್ಲ ಎಂದು ತೀರ್ಮಾನ. ಚಿಕ್ಕಪ್ಪ ಸಸ್ಪೆಂಡ್. ಅಮ್ಮನಿಗೆ ನನ್ನ ಜೊತೆ ಮಾತಿಲ್ಲ, ತಟ್ಟೆ ಮಾತ್ರ ಕುಕ್ಕಿ ಇಡುತ್ತಾಳೆ.

ಈಗಷ್ಟೇ ಬಾಗಿಲು ತಟ್ಟಿದ್ದು ಚಿಕ್ಕಪ್ಪ. ಗಡ್ಡ ಬೆಳೆದಿದೆ. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ಉದ್ದಣ್ಣನ್ನ ನೋಡ್ಬೇಕು ಕಣೇ. ಎರಡು ಸಲ ಆಸ್ಪತ್ರೆ ಗೇಟಿನ ತನಕ ಹೋಗಿ ವಾಪಸ್ ಬಂದೆ. ಒಬ್ನೇ ಹೋಗೋಕೆ ಕಾಲು ಬರ್ತಿಲ್ಲ."

ಒಂದು ನಿಮಿಷ, ಬಂದೆ ಅಂದೆ. ಸೀರೆ ಬದಲಾಯಿಸುವ ನೆಪದಲ್ಲಿ ಒಳಗೆ ಬಂದು ಇದನ್ನು ಗೀಚುತ್ತಿದ್ದೇನೆ. ದಾರಿಯುದ್ದಕ್ಕೂ ಏನು ಮಾತಾಡೋದು? ಅಲ್ಲಿ ಅವನ ಮುಂದೆ ಇವರು ಏನಂತ... ಅಮ್ಮ ಕೂಗುತ್ತಿದ್ದಾಳೆ — ಎಂಟು ದಿನದಲ್ಲಿ ಮೊದಲ ಸಲ — ಛತ್ರಿ ತಗೊಂಡು ಹೋಗು ಅಂತ, ಚಿಕ್ಕಪ್ಪ ಆಗಲೇ ಮೆಟ್ಟಿಲು ಇಳಿದು —